ಆಡದೆ ಉಳಿದ ಪಂದ್ಯಗಳು: ಒಂದು ಕಲ್ಪಿತ ಕಾಲ್ಚೆಂಡು ಲೀಗು

ಕಾಲ್ಚೆಂಡಾಟದ ಇತಿಹಾಸದಲ್ಲಿ 1888 ಗಮನಾರ್ಹವಾದ ವರ್ಷ. ಆ ಮಾರ್ಚ್ 2ರಂದು ಬರ್ಮಿಂಗ್‌ಹ್ಯಾಮಿನ ಆ್ಯಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮ್ಯಾಕ್‌ಗ್ರೆಗರ್ ಎಂಬವರು ಇತರ ಕೆಲವು ಕ್ಲಬ್ಬುಗಳಿಗೆ ಪತ್ರ ಬರೆದರು. ಆಟಗಾರರಿಗೆ ಸಂಬಳ ಕೊಡುವುದು ಇಂಗ್ಲೆಂಡಿನಲ್ಲಿ 1885ರಲ್ಲೇ ಸಮ್ಮತವಾಗಿತ್ತು. ಆದರೆ ಕಪ್ ಪಂದ್ಯದಲ್ಲಿ ಸೋತು ಹೊರಬಿದ್ದ ತಂಡಕ್ಕೆ ಮುಂದಿನ ವಾರಗಳಲ್ಲಿ ನೆಚ್ಚಬಹುದಾದ ಪಂದ್ಯವಿಲ್ಲ, ಪ್ರೇಕ್ಷಕರಿಲ್ಲ, ಹಣವಿಲ್ಲ. ಸಂಬಳ ಮಾತ್ರ ತಪ್ಪದು. ಹೀಗಾಗಿ 12 ತಂಡಗಳಲ್ಲಿ ಒಂದೊಂದೂ ಮಿಕ್ಕೆಲ್ಲವನ್ನೂ ಎರಡೆರಡು ಸಲ ಎದುರಿಸುವ ಲೀಗ್ ಕ್ರಮ ಸೆಪ್ಟೆಂಬರ್ 8ರಂದು ಮೊದಲಾಯಿತು. ಅದೇ ವರ್ಷ ಸಿಮ್ಲಾದಲ್ಲಿ ಡುರಾಂಡ್ ಕಪ್ ಪ್ರಾರಂಭವಾಯಿತು. ಅದು ಸೈನ್ಯದ ತಂಡಗಳಿಗಾಗಿ, ಸೋತವರು ಹೊರಬೀಳುವ ಕ್ರಮದಲ್ಲಿ. ಇಂಗ್ಲೆಂಡಿಗೆ ಲೀಗು ದೊರೆಯಿತು, ನಮಗೆ ಕಪ್ ದೊರೆಯಿತು. ನಗರಗಳೊಳಗೆ ಲೀಗುಗಳು ಇದ್ದವೆಂಬುದು ನಿಜ. ಕಲ್ಕತ್ತೆಯದು 1898ರಷ್ಟು ಹಳೆಯದು. ಆದರೆ ಅಖಿಲ ಭಾರತದ ಕ್ಲಬ್ಬುಗಳನ್ನು ಒಂದುಗೂಡಿಸಿದ ರಾಷ್ಟ್ರೀಯ ಲೀಗು ಹುಟ್ಟಿದ್ದು 1996ರಲ್ಲಿ, ಎಂದರೆ 108 ವರ್ಷಗಳ ಅನಂತರ.

ಇದರಿಂದ ನಾವು ಕಳೆದುಕೊಂಡುದೇನೆಂಬುದಕ್ಕೆ ಬೆಂಗಳೂರಿನದೇ ನಿದರ್ಶನವಿದೆ. ಬೊಂಬಾಯಿಯ ರೋವರ್ಸ್ ಕಪ್ 1891ರಿಂದ ಬ್ರಿಟಿಷ್ ಪಟಾಲಂಗಳ ಸ್ವತ್ತಾಗಿದ್ದಿತು. ಅದನ್ನು ಗೆದ್ದ ಮೊತ್ತಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಆ ವರ್ಷ 1937. ಮರುವರ್ಷವೂ ಗೆದ್ದರು, 1948ರಲ್ಲಿ ಮತ್ತೊಮ್ಮೆ ಗೆದ್ದರು. ಆ ಕಾಲದಲ್ಲಿ ಕಲ್ಕತ್ತೆಯ ಲೀಗನ್ನು 1934ರಿಂದ 1938ರವರೆಗೆ ಸತತವಾಗಿ ಐದು ವರ್ಷ ಗೆದ್ದು ಮೆರೆದದ್ದು ಮೊಹಮ್ಮಡನ್ ಸ್ಪೋರ್ಟಿಂಗ್. ಈ ಎರಡು ತಂಡಗಳು ರೋವರ್ಸ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಎರಡು ಸಲ ಸಂಧಿಸಿದವು: 1937ರಲ್ಲಿ ಬೆಂಗಳೂರಿಗೆ ಜಯ, 1940ರಲ್ಲಿ ಕಲ್ಕತ್ತೆಗೆ. ಇವರಲ್ಲಿ ಯಾರು ಮೇಲು? ಲೀಗು ಇದ್ದಿದ್ದರೆ ವರ್ಷವರ್ಷವೂ ಉತ್ತರ ದೊರೆಯುತ್ತಿತ್ತು.

ಆದುದರಿಂದ ನಾವು ಕಾಗದದ ಮೇಲೆ ಒಂದು ಲೀಗನ್ನು ಕಟ್ಟಲು ಹೊರಟೆವು. ಎಂಟು ತಂಡಗಳು, ತಂಡಕ್ಕೆ 14ರಂತೆ ಒಟ್ಟು 56 ಪಂದ್ಯಗಳು. ಒಂದೊಂದು ತಂಡವನ್ನೂ ಅದರ ಉಚ್ಛ್ರಾಯದ ಕಾಲದಿಂದ ಕರೆತರಬೇಕೆಂಬುದು ಮೊದಲ ನಿಯಮ. 1911ರಲ್ಲಿ ಈಸ್ಟ್ ಯಾರ್ಕ್‌ಷೈರ್ ಪಟಾಲಮನ್ನು 2–1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಪಡೆದ ಮೋಹನ್ ಬಾಗಾನ್. ಮೇಲೆ ಹೇಳಿದ ಎರಡು ತಂಡಗಳು. 1949ರ ಈಸ್ಟ್ ಬೆಂಗಾಲ್. 1950ರಿಂದ 1954ರವರೆಗೆ ರೋವರ್ಸ್ ಕಪ್ಪನ್ನು ಬಿಟ್ಟುಕೊಡದ ಹೈದರಾಬಾದ್ ನಗರ ಪೋಲೀಸ್. 1966 ಮತ್ತು 1969ರಲ್ಲಿ ಡುರಾಂಡ್ ಗೆದ್ದ ಗೂರ್ಖಾ ಬ್ರಿಗೇಡ್. 1990ರ ಕೇರಳ ಪೋಲೀಸ್. ಮೊದಲ ರಾಷ್ಟ್ರೀಯ ಲೀಗನ್ನು ಗೆದ್ದು, 2011ರಲ್ಲಿ ವಿಸರ್ಜಿತವಾದ ಪಗವಾಡದ ಜೆ.ಸಿ.ಟಿ. ಗಿರಣಿಯ ತಂಡ.

ಇವರೆಲ್ಲ ವೃತ್ತಿಪರರೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಾಧುವಾದುದೇ. 1911ರ ಮೋಹನ್ ಬಾಗಾನಿನವರು ಸಂಬಳಕ್ಕಾಗಿ ಆಡಿದವರಲ್ಲ. ಪೋಲೀಸರಿಗೂ ಗೂರ್ಖರಿಗೂ ಸಂಬಳ ದೊರೆಯುತ್ತಿದ್ದುದು ಸಮವಸ್ತ್ರಕ್ಕೆ, ಗಿರಣಿಯವರಿಗೆ ನೌಕರಿಗೆ. ನಮ್ಮ ದೇಶದಲ್ಲಿ ಆಟಗಾರನ ಅನ್ನ ಬಹುಕಾಲ ಆಟದಿಂದಲ್ಲ, ಆಟದ ನೆಪದಲ್ಲಿ ದೊರೆತ ಹುದ್ದೆಯಿಂದ ಬಂದಿತು. ಪ್ರತಿವಾರ ಟಿಕೇಟು ಮಾರುವ ಲೀಗಿಲ್ಲದ ಕಡೆ ಬೇರೆ ದಾರಿಯಾದರೂ ಏನಿದ್ದೀತು? ಹುದ್ದೆ ಕೊಡುವವರ ಮನಸ್ಸು ತಿರುಗಿದರೆ ತಂಡವೇ ಇಲ್ಲ. ‘ವೃತ್ತಿಪರ’ ಎಂಬ ಪದಕ್ಕೆ ಇಂಗ್ಲೆಂಡಿನ ಅರ್ಥವನ್ನೇ ಹಿಡಿದರೆ ನಮ್ಮ ಮೈದಾನ ಬಹುಮಟ್ಟಿಗೆ ಬರಿದಾಗುವುದು. ಆಟವೇ ಜೀವನವಾಗಿದ್ದವರು ಎಂದು ಅರ್ಥಮಾಡಿ ಮುಂದುವರಿದೆವು.

ಎರಡನೆಯ ತೊಡಕು ನಿಯಮಗಳದು. 1925ರವರೆಗೆ ಆಫ್‌ಸೈಡ್ ಆಗದಿರಲು ಮುನ್ನುಗ್ಗುವವನ ಮುಂದೆ ಎದುರಾಳಿಗಳು ಮೂವರಿರಬೇಕಾಗಿತ್ತು, ಆಮೇಲೆ ಇಬ್ಬರು ಸಾಕಾಯಿತು. 1911ರವರಿಗೆ ಹೊಸ ನಿಯಮ ಅನುಕೂಲವೂ ಹೌದು, ಅಪರಿಚಿತವೂ ಹೌದು. ಪಾದರಕ್ಷೆಯ ವಿಷಯ ಇನ್ನೂ ಕಠಿಣ. ಮೋಹನ್ ಬಾಗಾನಿನ ಹತ್ತು ಮಂದಿ ಬರಿಗಾಲಿನವರು, ಒಬ್ಬರು ಮಾತ್ರ ಬೂಟಿನವರು. ಒಣನೆಲದಲ್ಲಿ ಬರಿಗಾಲಿಗೆ ಚೆಂಡು ಮಾತು ಕೇಳುವುದು, ಕೆಸರಿನಲ್ಲಿ ಕೇಳದು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯದೆದುರು 10–1ರ ಸೋಲು ಅದನ್ನು ಕಠೋರವಾಗಿ ಕಲಿಸಿತು. ಅವರವರ ಕಾಲದ ಪಾದ ಅವರವರಿಗೆ ಎಂದು ನಾವು ತೀರ್ಮಾನಿಸಿದೆವು; ಪಂದ್ಯಗಳು ಮಾತ್ರ ಅರ್ಧ ಮಳೆಗಾಲದಲ್ಲಿ, ಅರ್ಧ ಬೇಸಗೆಯಲ್ಲಿ. ಗೆಲುವಿಗೆ ಎರಡು ಅಂಕ. ಮೂರು ಅಂಕದ ಪದ್ಧತಿ ಇಂಗ್ಲೆಂಡಿನಲ್ಲೇ 1981ರದು.

ಒಬ್ಬನೇ ಆಟಗಾರ ಎರಡು ತಂಡಗಳಿಗೆ ಸೇರಿದ್ದರೆ? ಐ.ಎಂ. ವಿಜಯನ್ ಅವರು 1990ರ ಕೇರಳ ಪೋಲೀಸಿನಲ್ಲಿಯೂ 1996–97ರ ಜೆ.ಸಿ.ಟಿ.ಯಲ್ಲಿಯೂ ಇದ್ದರು. ಅಲ್ಲಿ ಬೈಚುಂಗ್ ಭುಟಿಯಾರೊಡನೆ ಅವರ ಜೋಡಿ. ಯಾವ ತಂಡದಿಂದ ಕಿತ್ತರೂ ಆ ತಂಡ ಬಡವಾಗುವುದು. ಕಲ್ಪನೆಯ ರಾಜ್ಯದಲ್ಲಿ ಜಿಪುಣತನವೇಕೆ? ಇಬ್ಬರು ವಿಜಯನ್‌ರನ್ನೂ ಬಿಟ್ಟೆವು. ತರುಣನೂ ಪಳಗಿದವನೂ ಎದುರುಬದುರಾಗಲಿ. ಬೆಂಗಳೂರಿನಲ್ಲಿ ಆಡಿ ಬೆಳೆದು 1949ರಲ್ಲಿ ಈಸ್ಟ್ ಬೆಂಗಾಲನ್ನು ಸೇರಿದ ಅಹಮದ್ ಖಾನರು ಕಲ್ಕತ್ತೆಯ ಪಾಲಾದರು. 1937ರ ತಂಡಕ್ಕೆ ಅವರನ್ನು ತರುವಂತಿಲ್ಲ; ನಮ್ಮ ನಿಯಮ ನಮಗೇ ನಷ್ಟ ತಂದಿತು.

ಗೆಲ್ಲುವವರಾರು? ನಮ್ಮ ಮತ ಹೈದರಾಬಾದಿಗೆ. ಅವರ ಶಿಕ್ಷಕ ಸೈಯದ್ ಅಬ್ದುಲ್ ರಹೀಮರು ಮುಂದೆ ಭಾರತವನ್ನು 1956ರಲ್ಲಿ ಮೆಲ್ಬರ್ನಿನ ನಾಲ್ಕನೆಯ ಸ್ಥಾನಕ್ಕೂ 1962ರಲ್ಲಿ ಏಷ್ಯಾ ಕ್ರೀಡೆಗಳ ಚಿನ್ನಕ್ಕೂ ಒಯ್ದವರು. ಒಂದು ಸೋಲಿನಿಂದ ಮುಂದಿನ ಪಂದ್ಯಕ್ಕೆ ಪಾಠ ಕಲಿಯಬಲ್ಲ ಶಿಕ್ಷಕನಿಗೆ ಲೀಗು ಹೇಳಿಮಾಡಿಸಿದಂತಹುದು. ಇನ್ನು ಕಾಸರಗೋಡಿನ ಕನ್ನಡಿಗರಾದ ನಮಗೆ ಕೇರಳ ಪೋಲೀಸರು ಬೆಂಗಳೂರಿಗೆ ಬಂದಿಳಿಯುವ ದಿನ ಯಾರ ಕಡೆ ಕೂಗಬೇಕೆಂಬ ಇಬ್ಬಂದಿ ಇದ್ದೇ ಇದೆ. ಅದನ್ನು ಆ ದಿನಕ್ಕೆ ಬಿಟ್ಟಿದ್ದೇವೆ. ಮೊದಲ ಪಂದ್ಯವನ್ನು ಮಾತ್ರ ಚೀಟಿ ಎತ್ತದೆ ನಾವೇ ಗೊತ್ತುಮಾಡಿದೆವು: ಬೆಂಗಳೂರು ಮುಸ್ಲಿಮ್ಸ್ ಮತ್ತು ಮೊಹಮ್ಮಡನ್ ಸ್ಪೋರ್ಟಿಂಗ್, ಬೆಂಗಳೂರಿನಲ್ಲಿ, ಒಣನೆಲದ ಮೇಲೆ.