ಸಾಯದೆ ಉಳಿದ ದುಂಬಿಯ ಸಾಕ್ಷ್ಯ: ಸಿಗಾರಿನ ಸಂರಕ್ಷಣೆಯ ಇತಿಹಾಸದಲ್ಲಿ 1916ರ ಕ್ಷ-ಕಿರಣ ಪ್ರಯೋಗ

ವಿಕಿರಣದ ಬಲದಿಂದ ಪದಾರ್ಥಗಳನ್ನು ಕೆಡದಂತೆ ಕಾದಿಡುವ ವಿದ್ಯೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಹೊರಟವರು, ಅದರ ಮೊದಲ ಪುಟಗಳಲ್ಲಿ ಸಿಗಾರಿಗೆ ಎರಡೋ ಮೂರೋ ವಾಕ್ಯಗಳನ್ನು ಮೀಸಲಿಟ್ಟು, ಅಮೆರಿಕದ ಕೃಷಿ ಇಲಾಖೆಯ ಕೀಟಶಾಸ್ತ್ರಜ್ಞರಾದ ಜಿ. ಎ. ರನ್ನರ್ ಅವರು 1916ರಲ್ಲಿ ಹೊಗೆಸೊಪ್ಪಿನ ದುಂಬಿಯ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ ಪರೀಕ್ಷಿಸಿದರೆಂದೂ, 1929ರಲ್ಲಿ ಆ ದೇಶದ ಒಂದು ದೊಡ್ಡ ತಂಬಾಕು ಸಂಸ್ಥೆ ಅದೇ ಉದ್ದೇಶಕ್ಕಾಗಿ ಯಂತ್ರವೊಂದನ್ನು ಸ್ಥಾಪಿಸಿತೆಂದೂ, ಆ ಯಂತ್ರ ಎಡೆಬಿಡದ ದುಡಿಮೆಗೆ ಒಗ್ಗದುದರಿಂದ ಸಂಸ್ಥೆ ಮತ್ತೆ ವಿಷಧೂಮಕ್ಕೇ ಮರಳಿತೆಂದೂ ಹೇಳಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಈ ಮೂರು ಸಂಗತಿಗಳೂ ಬಿಡಿಬಿಡಿಯಾಗಿ ಸತ್ಯವೇ. ಆದರೆ ಅವನ್ನು ಹೀಗೆ ಒತ್ತೊತ್ತಾಗಿ ಇರಿಸಿದಾಗ ಓದುಗನ ಮನಸ್ಸಿನಲ್ಲಿ ಹುಟ್ಟುವ ತೀರ್ಮಾನ, ಎಂದರೆ ಕಿರಣಕ್ಕೆ ದುಂಬಿಯನ್ನು ಕೊಲ್ಲುವ ಶಕ್ತಿಯಿರಲಿಲ್ಲವಾಗಿ ಆ ವಿಧಾನವೇ ಸೋತಿತು ಎಂಬುದು, ರನ್ನರ್ ಅವರ 1916ರ ಮೂಲಪ್ರಬಂಧವನ್ನು ಓದಿದವರು ಒಪ್ಪತಕ್ಕ ಮಾತಲ್ಲ. ದುಂಬಿ ಸಾಯಲಿಲ್ಲವೆಂಬುದು ನಿಜ. ಆದರೆ ಸಾಯದೆ ಉಳಿದ ಆ ದುಂಬಿಗೆ ಏನಾಯಿತೆಂಬುದನ್ನು ಕೇಳದೆ ಬಿಟ್ಟವರು ಪ್ರಬಂಧದ ಸಾರವನ್ನೇ ಬಿಟ್ಟವರಾಗುತ್ತಾರೆ.

ಸಿಗಾರಿಗೆ ಒದಗುವ ಹಾನಿಯ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳದೆ ಈ ಚರ್ಚೆಗೆ ಇಳಿಯುವಂತಿಲ್ಲ. 1792ರಲ್ಲಿ ಡೆನ್ಮಾರ್ಕಿನ ಯೋಹಾನ್ ಕ್ರಿಶ್ಚಿಯನ್ ಫಾಬ್ರಿಸಿಯಸ್ ಅವರು ವರ್ಣಿಸಿದ, ಇಂದು ಲಾಸಿಯೋಡರ್ಮಾ ಸೆರಿಕಾರ್ನೆ ಎಂದು ಶಾಸ್ತ್ರದಲ್ಲಿ ವ್ಯವಹೃತವಾಗುವ ಈ ಕೀಟ ಎರಡು ಮೂರು ಮಿಲಿಮೀಟರು ಉದ್ದದ, ಕೆಂಗಂದು ಬಣ್ಣದ, ತಲೆಯನ್ನು ಎದೆಯಡಿಗೆ ಬಾಗಿಸಿ ಗೂನುಬೆನ್ನಿನದೆಂಬಂತೆ ತೋರುವ ಅಲ್ಪಜೀವಿ. ಬೆಳೆದ ದುಂಬಿ ಎಲೆಯನ್ನು ಆಹಾರವಾಗಿ ತಿನ್ನುವುದಿಲ್ಲ. ಒಂದರಿಂದ ನಾಲ್ಕು ವಾರಗಳಷ್ಟೇ ಇರುವ ಅದರ ಆಯುಸ್ಸು ಕೂಡುವುದಕ್ಕೂ ಮೊಟ್ಟೆಯಿಡುವುದಕ್ಕೂ ವ್ಯಯವಾಗುತ್ತದೆ. ಸಿಗಾರಿನೊಳಗೆ ಸುರಂಗ ಕೊರೆಯುವುದು ಮೊಟ್ಟೆಯಿಂದ ಹೊರಟ ಬಿಳಿಯ ಮರಿಹುಳು. ಅದು ಹಲವು ವಾರಗಳ ಕಾಲ ಒಳಗೇ ಮೇದು, ಕೋಶಾವಸ್ಥೆಯನ್ನು ಕಳೆದು, ದುಂಬಿಯಾಗಿ ಹೊರಬೀಳುವಾಗ ಹೊರ ಎಲೆಯಲ್ಲಿ ಸೂಜಿ ಚುಚ್ಚಿದಂತಹ ದುಂಡುರಂಧ್ರವನ್ನು ಬಿಡುತ್ತದೆ. ಸಿಗಾರಿನಲ್ಲಿ ಅತ್ಯಂತ ಬೆಲೆಯುಳ್ಳದ್ದು ಆ ಹೊರ ಎಲೆಯೇ. ಅದು ತೂತುಬಿದ್ದ ಮೇಲೆ ಎಳೆದ ಉಸಿರೆಲ್ಲ ತೂತಿನಿಂದ ಒಳನುಗ್ಗಿ ಹೊಗೆ ಬಾರದಾಗುತ್ತದೆ. ಇತರ ಕೀಟಗಳಿಗೆ ಮಾರಕವಾದ ನಿಕೋಟಿನು ಇದನ್ನು ಬಾಧಿಸದಿರುವುದಕ್ಕೆ ಅದರ ಕರುಳಿನ ಸಹಜೀವಿ ಯೀಸ್ಟುಗಳ ನೆರವು ಒಂದು ಕಾರಣ. ಇಷ್ಟರಿಂದ, ಹಾನಿಯೆಂಬುದು ದುಂಬಿಯ ಇರವಿನಲ್ಲಿಲ್ಲ, ಅದರ ಸಂತತಿಯಲ್ಲಿದೆ ಎಂಬುದು ಸಿದ್ಧವಾಗುತ್ತದೆ. ಈ ಒಂದು ಮಾತನ್ನು ಓದುಗರು ಮುಂದಿನ ಎಲ್ಲ ವಾದದಲ್ಲಿಯೂ ಕೈಬಿಡದೆ ಹಿಡಿದಿರಬೇಕೆಂದು ಕೋರುತ್ತೇನೆ.

ಕ್ಷ-ಕಿರಣದತ್ತ ಆ ಕಾಲದ ತಯಾರಕರು ತಿರುಗಿದುದನ್ನು ಹೊಸದರ ಮೇಲಣ ವ್ಯಾಮೋಹವೆಂದು ತಳ್ಳಿಹಾಕುವವರುಂಟು. ಅವರು ಅಂದಿನ ಇತರ ಸಾಧನಗಳನ್ನು ತೂಗಿನೋಡಿದವರಲ್ಲ. ಕಾರ್ಬನ್ ಡೈಸಲ್ಫೈಡು ಕಿಡಿ ತಾಕಿದರೆ ಸ್ಫೋಟಿಸುವ ದ್ರವ್ಯ. ಹೈಡ್ರೊಸಯಾನಿಕ್ ಆಮ್ಲದ ಅನಿಲ ಹುಳುವಿಗೆ ಹೇಗೋ ಕೆಲಸದವನಿಗೂ ಹಾಗೆಯೇ ಮೃತ್ಯು. ಅಲ್ಲದೆ ಸಿಗಾರು ಕಾರ್ಖಾನೆಯಿಂದ ಹೊರಡುವಾಗ ಸುಂಕದ ಚೀಟಿಯನ್ನು ಅಂಟಿಸಿ ಭದ್ರವಾಗಿ ಮುಚ್ಚಿದ ಪೆಟ್ಟಿಗೆಯಲ್ಲಿರುತ್ತಿತ್ತು. ಮುಚ್ಚಿದ ಪೆಟ್ಟಿಗೆಯೊಳಕ್ಕೆ, ಒತ್ತಾಗಿ ಸುತ್ತಿದ ಎಲೆಯ ನಡುವಿನವರೆಗೆ, ಧೂಮ ಸರಿಸಮವಾಗಿ ಇಳಿಯುವುದು ಕಷ್ಟಸಾಧ್ಯ. ಕಿರಣವಾದರೋ ಮರವನ್ನೂ ಕಾಗದವನ್ನೂ ಎಲೆಯನ್ನೂ ಭೇದಿಸಿ, ಚೀಟಿಯನ್ನು ಹರಿಯದೆ, ವಾಸನೆಯನ್ನು ಕೆಡಿಸದೆ, ಹಿಂದೆ ಯಾವ ವಿಷವನ್ನೂ ಉಳಿಸದೆ ಹಾದುಹೋಗುತ್ತದೆ. ಸುಗಂಧವೇ ಸರಕಾಗಿರುವ ಪದಾರ್ಥಕ್ಕೆ ಇದಕ್ಕಿಂತ ಯೋಗ್ಯವಾದ ಉಪಾಯವನ್ನು ಆ ಕಾಲದಲ್ಲಿ ಊಹಿಸುವುದೂ ಸುಲಭವಾಗಿರಲಿಲ್ಲ.

ಈಗ ವಿವಾದದ ಮರ್ಮಕ್ಕೆ ಬರೋಣ. 1912ರಲ್ಲಿ ಡಬ್ಲ್ಯು. ಡಿ. ಹಂಟರ್ ಅವರು ಕೀಟಗಳ ಮೇಲೆ ಕ್ಷ-ಕಿರಣದ ಪರಿಣಾಮವನ್ನು ಕುರಿತ ಪ್ರಯೋಗಗಳ ಫಲವನ್ನು ಪ್ರಕಟಿಸಿದರು, 1913ರಲ್ಲಿ ಎ. ಸಿ. ಮಾರ್ಗನ್ ಮತ್ತು ರನ್ನರ್ ಜೊತೆಗೂಡಿ ಹೊಗೆಸೊಪ್ಪಿನ ದುಂಬಿಯನ್ನೇ ಆರಿಸಿಕೊಂಡು ಬರೆದರು. ಇವೆರಡರಿಂದಲೂ ವ್ಯವಹಾರಕ್ಕೆ ಒದಗುವಂತಹ ಫಲ ದೊರೆಯಲಿಲ್ಲ. ಮೂರು ವರ್ಷಗಳ ತರುವಾಯ ಕೃಷಿ ಸಂಶೋಧನೆಯ ಇಲಾಖಾ ನಿಯತಕಾಲಿಕದಲ್ಲಿ ರನ್ನರ್ ಒಬ್ಬರೇ ಪ್ರಕಟಿಸಿದ ಕಿರುಪ್ರಬಂಧವಾದರೋ ಬೇರೆಯ ಫಲವನ್ನು ವರದಿಮಾಡಿತು. ಒಂದೇ ಕೀಟ, ಒಂದೇ ಕಿರಣ, ಪ್ರಯೋಗಕರ್ತರಲ್ಲಿ ಒಬ್ಬರು ಅವರೇ. ಫಲ ಮಾತ್ರ ಬೇರೆ. ಇಲ್ಲಿ ಅವಸರದ ಓದುಗ ಎರಡು ಪ್ರಬಂಧಗಳೂ ಪರಸ್ಪರ ವಿರುದ್ಧವೆಂದೆಣಿಸಿ, ಯಾವುದನ್ನೂ ನಂಬದೆ, ವಿಧಾನವೇ ಅನಿಶ್ಚಿತವಾಗಿತ್ತೆಂಬ ನಿರ್ಣಯಕ್ಕೆ ಬರುತ್ತಾನೆ.

ಆದರೆ 1916ರ ಪ್ರಬಂಧದ ಶೀರ್ಷಿಕೆಯೇ ಉತ್ತರವನ್ನು ಹೊತ್ತುಕೊಂಡಿದೆ: ಅದು ಹೊಸ ಮಾದರಿಯ ಕ್ಷ-ಕಿರಣ ನಳಿಕೆಯಿಂದ ನಡೆಸಿದ ಪ್ರಯೋಗಗಳ ಫಲವೆಂದು ತನ್ನನ್ನು ತಾನೇ ಘೋಷಿಸಿಕೊಳ್ಳುತ್ತದೆ. ಹಳೆಯ ಬಗೆಯ ನಳಿಕೆಗಳು ಒಳಗುಳಿದ ಅಲ್ಪಸ್ವಲ್ಪ ಅನಿಲವನ್ನು ಆಶ್ರಯಿಸಿದವು. ಬಳಸಿದಂತೆಲ್ಲ ಅನಿಲದ ಒತ್ತಡ ಬದಲಾಗಿ, ಬೆಳಗಿನ ಕಿರಣಕ್ಕೂ ಸಂಜೆಯ ಕಿರಣಕ್ಕೂ ಸಾಮ್ಯವಿಲ್ಲದಂತಾಗುತ್ತಿತ್ತು. 1913ರಲ್ಲಿ ವಿಲಿಯಂ ಕೂಲಿಡ್ಜ್ ಅವರು ಕಾಯಿಸಿದ ಟಂಗ್‌ಸ್ಟನ್ ತಂತಿಯ ನಳಿಕೆಯನ್ನು ಲೋಕದ ಮುಂದಿಟ್ಟ ಮೇಲೆ ವಿದ್ಯುತ್ಪ್ರವಾಹವನ್ನೂ ವಿದ್ಯುತ್ತಿನ ಒತ್ತಡವನ್ನೂ ಪ್ರತ್ಯೇಕವಾಗಿ ಹಿಡಿತದಲ್ಲಿಡುವುದು ಸಾಧ್ಯವಾಯಿತು. ಈ ತಿರುವಿನ ಎರಡು ಕಡೆಗಳಲ್ಲಿ ನಿಂತಿರುವ ಪ್ರಬಂಧಗಳನ್ನು ಒಂದೇ ಸಮತಲದಲ್ಲಿರಿಸಿ ತೂಗುವುದು ಚರಿತ್ರಕಾರನ ಧರ್ಮವಲ್ಲ. ಅಷ್ಟೇ ಅಲ್ಲ, ಅಂದಿನ ಅಳತೆಯಾದರೂ ಎಂತಹುದು? ನಳಿಕೆಯಲ್ಲಿ ಎಷ್ಟು ಮಿಲಿಆಂಪಿಯರು ಪ್ರವಾಹ ಎಷ್ಟು ನಿಮಿಷ ಹರಿಯಿತೆಂಬುದನ್ನು ಗುಣಿಸಿ ಹೇಳುತ್ತಿದ್ದರೇ ಹೊರತು, ಹುಳುವಿನ ದೇಹ ಎಷ್ಟನ್ನು ಹೀರಿತೆಂಬುದನ್ನು ಹೇಳುವ ಮಾನವೇ ಇರಲಿಲ್ಲ. ರೋಂಟ್ಗನ್ ಎಂಬ ಮಾನಕ್ಕೆ ಅಂತರರಾಷ್ಟ್ರೀಯ ಸಮ್ಮತಿ ದೊರೆತದ್ದು 1928ರಲ್ಲಿ. ದೇಹ ಹೀರಿದ ಪ್ರಮಾಣವನ್ನು ಸೂಚಿಸುವ ಗ್ರೇ ಎಂಬುದು ಬಳಕೆಗೆ ಬಂದದ್ದು 1975ರಲ್ಲಿ. ಆದುದರಿಂದ 1913ರ ಫಲಾಭಾವವನ್ನು ಕಿರಣದ ಅಸಾಮರ್ಥ್ಯಕ್ಕೆ ಸಾಕ್ಷಿಯಾಗಿ ಕರೆಯುವವರು, ಅಳತೆಯಿಲ್ಲದ ಸಾಕ್ಷಿಯನ್ನು ಕಟಕಟೆಗೆ ತಂದು ನಿಲ್ಲಿಸಿದಂತಾಗುತ್ತದೆ.

ಇನ್ನು 1916ರ ಫಲ. ತೀವ್ರವಾದ ಕಿರಣಕ್ಕೆ ಒಡ್ಡಿದ ಬೆಳೆದ ದುಂಬಿಗಳು ಕೂಡಲೇ ಸಾಯಲಿಲ್ಲ. ಬದುಕಿ ಮೊಟ್ಟೆಗಳನ್ನೂ ಇಟ್ಟವು. ಆದರೆ ಆ ಮೊಟ್ಟೆಗಳು ಗೊಡ್ಡುಮೊಟ್ಟೆಗಳಾಗಿದ್ದವು; ಅವುಗಳಿಂದ ಮರಿ ಹೊರಡಲಿಲ್ಲ. ಸಂಕ್ಷೇಪಕಾರರು ಈ ವಾಕ್ಯದ ಪೂರ್ವಾರ್ಧವನ್ನು ಮಾತ್ರ ಎತ್ತಿಕೊಂಡರು. ದುಂಬಿಯ ಮರಣವೇ ಪ್ರಯೋಗದ ಗುರಿಯೆಂದು ಅವರು ಮೊದಲೇ ಭಾವಿಸಿದುದರಿಂದ, ಉತ್ತರಾರ್ಧ ಅವರ ಕಣ್ಣಿಗೆ ಅರೆಬರೆಯ ಯಶಸ್ಸಾಗಿ, ಸೋಲಿಗೆ ಹೇಳಿದ ಸಮಾಧಾನವಾಗಿ ತೋರಿತು. ಸಿಗಾರಿನ ಪೆಟ್ಟಿಗೆಯ ದೃಷ್ಟಿಯಿಂದ ನೋಡಿದರೆ ಪೂರ್ವಾರ್ಧಕ್ಕೇ ಬೆಲೆ ಕಡಿಮೆ. ಎಲೆಯನ್ನು ಮೇಯದ, ಕೆಲವು ವಾರಗಳಲ್ಲಿ ತಾನಾಗಿಯೇ ಅಳಿಯುವ ದುಂಬಿ ಬದುಕಿದ್ದರೇನು, ಅದರ ವಂಶ ಅಲ್ಲಿಗೇ ಕಡಿದುಹೋಗಿದ್ದರೆ? ಪೆಟ್ಟಿಗೆ ಹೊರಗಿನಿಂದ ಮತ್ತೆ ಸೋಂಕದಿರುವಷ್ಟು ಕಾಲ ಅದರೊಳಗಿನ ಸರಕು ಸುರಕ್ಷಿತವೇ.

ಇದಕ್ಕೆ ಬರತಕ್ಕ ಆಕ್ಷೇಪಗಳಲ್ಲಿ ಒಂದು ಗಂಭೀರವಾದುದು. ಅದನ್ನು ಮರೆಮಾಚುವುದು ನ್ಯಾಯವಲ್ಲ. ಕಿರಣ ಬೀಳುವ ಹೊತ್ತಿಗಾಗಲೇ ಸಿಗಾರಿನೊಳಗೆ ಮರಿಹುಳುಗಳಿದ್ದರೆ ಅವು ತತ್‌ಕ್ಷಣ ಸಾಯವು. ಬೆಳವಣಿಗೆ ಕುಂಠಿತವಾದರೂ ಸ್ವಲ್ಪ ಕಾಲ ಮೇಯುವ ಸಂಭವವುಂಟು. ಕೊಂಡವನು ಪೆಟ್ಟಿಗೆಯನ್ನು ತೆರೆದಾಗ ಜೀವಂತ ಹುಳುವನ್ನು ಕಂಡರೆ, ಅದು ಬಂಜೆಯೆಂಬ ಶಾಸ್ತ್ರವಚನದಿಂದ ಅವನಿಗೆ ತೃಪ್ತಿಯಾಗದು. ವ್ಯಾಪಾರಿಯ ಈ ಕಷ್ಟವನ್ನು ನಾನು ಲಘುವಾಗಿ ಎಣಿಸುವುದಿಲ್ಲ. ದಾಸ್ತಾನಿನ ದುಂಬಿಗಳನ್ನು ಬಂಜೆಯಾಗಿಸಲು ಕೆಲವು ನೂರು ಗ್ರೇಗಳಷ್ಟು ವಿಕಿರಣ ಸಾಕಾದರೆ, ಕೂಡಲೇ ಕೊಲ್ಲಲು ಅದರ ಅನೇಕ ಪಟ್ಟು ಬೇಕೆಂಬುದು ಈಗ ಎಲ್ಲರಿಗೂ ತಿಳಿದ ವಿಷಯ. ಹೀಗಿದ್ದರೂ ಈ ಆಕ್ಷೇಪ ಮಾರಾಟದ ಸಮಯವನ್ನು ಕುರಿತದ್ದೇ ಹೊರತು ದೀರ್ಘಕಾಲದ ಸಂಗ್ರಹವನ್ನು ಕುರಿತದ್ದಲ್ಲ. ತಿಂಗಳುಗಟ್ಟಲೆ ಉಗ್ರಾಣದಲ್ಲಿ ಹದಗೊಳ್ಳುವ ಸಿಗಾರಿಗೆ ಒಂದು ಪೀಳಿಗೆಯ ಮೇವಿಗಿಂತ ಮುಂದಿನ ಪೀಳಿಗೆಗಳ ಮೇವೇ ಭಯಂಕರ.

ಹುಳುವಿನ ಒಂದೇ ಲಕ್ಷಣವನ್ನು ಹಿಡಿದು ದೊಡ್ಡ ಸಿದ್ಧಾಂತವನ್ನು ಕಟ್ಟುವ ದುರಭ್ಯಾಸ ಈ ಕೀಟದ ಚರಿತ್ರೆಯಲ್ಲಿ ಮತ್ತೊಂದು ಕಡೆಯೂ ಕಾಣುತ್ತದೆ. ತೂತಾಂಖಾಮುನನ ಗೋರಿಯ ವಸ್ತುಗಳಲ್ಲಿ ಈ ದುಂಬಿಯ ಅವಶೇಷಗಳು ದೊರೆತುದನ್ನು ಕೀಟಶಾಸ್ತ್ರಜ್ಞ ಆಲ್ಫಿಯೇರಿ 1931ರಲ್ಲಿ ವರದಿಮಾಡಿದರು. 1976ರಲ್ಲಿ ಪ್ಯಾರಿಸಿಗೆ ಒಯ್ದ ಎರಡನೆಯ ರಾಮ್ಸೆಸನ ಮಮ್ಮಿಯಲ್ಲಿಯೂ ಅದು ತಂಬಾಕಿನ ಚೂರುಗಳೊಡನೆ ಕಂಡುಬಂದಿತು. ಇದನ್ನೇ ಆಧಾರಮಾಡಿಕೊಂಡು ಕೊಲಂಬಸನಿಗಿಂತ ಸಾವಿರಾರು ವರ್ಷ ಮೊದಲೇ ಈಜಿಪ್ಟಿಗೆ ಹೊಗೆಸೊಪ್ಪು ಬಂದಿತ್ತೆಂದು ವಾದಿಸಿದವರ ಉತ್ಸಾಹಕ್ಕೆ ಬಕ್‌ಲ್ಯಾಂಡ್ ಮತ್ತು ಪನಾಯೊಟಾಕೊಪುಲು 2001ರಲ್ಲಿ ತಕ್ಕ ಉತ್ತರವಿತ್ತಿದ್ದಾರೆ: ದುಂಬಿ ಹೊಗೆಸೊಪ್ಪೊಂದನ್ನೇ ತಿನ್ನುವ ಪ್ರಾಣಿಯಲ್ಲ, ಮತ್ತು ಹತ್ತೊಂಬತ್ತನೆಯ ಶತಮಾನದಲ್ಲಿ ಮಮ್ಮಿಗಳನ್ನು ಕಾಪಾಡಲು ತಂಬಾಕನ್ನು ಕೀಟನಾಶಕವಾಗಿ ಬಳಸಿರುವ ಸಂಭವವುಂಟು. ಅವರ ಪಕ್ಷವೇ ನನ್ನ ಪಕ್ಷ. ನಮ್ಮ ನಾಡಿನಲ್ಲಿ ಅರಿಸಿನದ ಕೊಂಬನ್ನೂ ಒಣಮೆಣಸಿನಕಾಯಿಯನ್ನೂ ಕುಟ್ಟೆ ಹಿಡಿಸುವ ಹುಳುಗಳಲ್ಲಿ ಇದೂ ಒಂದೆಂಬುದನ್ನು ಬಲ್ಲ ಯಾವ ದಿನಸಿ ವ್ಯಾಪಾರಿಗೂ ರಾಮ್ಸೆಸನ ಹೊಗೆಸೊಪ್ಪಿನ ಕಥೆಯಲ್ಲಿ ನಂಬಿಕೆ ಹುಟ್ಟದು. ಸಿಗಾರಿನ ಉಗ್ರಾಣದ ಬಳಿ ಸಂಬಾರ ಪದಾರ್ಥಗಳನ್ನೂ ಹಳೆಯ ಎಲೆಯ ಹುಡಿಯನ್ನೂ ಇಡಬಾರದೆಂಬ ನಿಯಮದ ಮೂಲವೂ ಇದೇ.

ಮತ್ತೆ ಕಿರಣದ ಕಥೆಗೆ ಬಂದರೆ, 1918ರಲ್ಲಿ ಗಿಲೆಟ್ ಎಂಬವರು ಸಾವಯವ ಪದಾರ್ಥಗಳನ್ನು ಕ್ಷ-ಕಿರಣದಿಂದ ರಕ್ಷಿಸುವ ಉಪಕರಣಕ್ಕೆ ಪೇಟೆಂಟು ಪಡೆದರು. ಮರುವರ್ಷ ರನ್ನರ್ ಅವರ ವಿಸ್ತಾರವಾದ ಇಲಾಖಾ ಪ್ರಕಟಣೆ, 737ನೆಯ ಸಂಖ್ಯೆಯದು, ಹೊಗೆಸೊಪ್ಪಿನ ದುಂಬಿಯನ್ನೇ ವಿಷಯವಾಗಿಸಿಕೊಂಡು ಹೊರಬಂದಿತು. 1929ರ ಯಂತ್ರದ ವೈಫಲ್ಯವನ್ನು ಈ ಹಿನ್ನೆಲೆಯಲ್ಲಿ ಓದಿದರೆ ಅದು ನಳಿಕೆಗಳ ಬಾಳಿಕೆಯ ವೈಫಲ್ಯ. ದಿನವಿಡೀ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಸಾಗುವ ಕಾರ್ಖಾನೆಯಲ್ಲಿ ಪ್ರಯೋಗಾಲಯದ ಉಪಕರಣ ತಾಳಲಿಲ್ಲ. ದುಂಬಿ ಅಲ್ಲಿ ಗೆದ್ದಿತೆನ್ನುವುದಕ್ಕೆ ಆಧಾರವಿಲ್ಲ. ಆಮೇಲಿನ ದಾರಿ ಬೇರೆಯಾಯಿತು: ಮೀಥೈಲ್ ಬ್ರೋಮೈಡು ಬಂದು, ಓಜೋನ್ ಪದರದ ರಕ್ಷಣೆಗಾಗಿ ಆದ ಮಾಂಟ್ರಿಯಲ್ ಒಪ್ಪಂದದ ಕಟ್ಟಳೆಗಳಿಂದ ಹಿಂಜರಿಯಿತು, ಫಾಸ್ಫೀನು ಬಂದು, ಅದನ್ನು ತಾಳಿಕೊಳ್ಳುವ ದುಂಬಿಗಳ ಪೀಳಿಗೆಗಳು ಹಲವು ದೇಶಗಳಲ್ಲಿ ತಲೆಯೆತ್ತಿದವು, 1979ರಲ್ಲಿ ಜಪಾನಿನ ಚುಮನ್ ಮತ್ತು ಸಂಗಡಿಗರು ಹೆಣ್ಣುದುಂಬಿಯ ಆಕರ್ಷಕ ದ್ರವ್ಯವಾದ ಸೆರಿಕಾರ್ನಿನನ್ನು ಗುರುತಿಸಿದ ಮೇಲೆ ಬೋನುಗಳಿಂದ ಸೋಂಕನ್ನು ಮುಂಚಿತವಾಗಿ ಅರಿಯುವುದು ಸಾಧ್ಯವಾಯಿತು. ಇಂದು ಕ್ಯೂಬಾದ ಸಿಗಾರುಗಳನ್ನು ರಫ್ತಿಗೆ ಮೊದಲು ಹೆಪ್ಪುಗಟ್ಟುವ ಶೈತ್ಯದಲ್ಲಿಡುತ್ತಾರೆ. ಮನೆಯಲ್ಲಿ ಸಂಗ್ರಹಿಸುವವರು ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ಕೆಲವು ದಿನಗಳಿರಿಸಿ, ಹೊರ ಎಲೆ ಸಿಡಿಯದಂತೆ ಮೆಲ್ಲಮೆಲ್ಲನೆ ಬಿಸುಪಿಗೆ ತಂದು, ಬಳಿಕ ಸುಮಾರು 18ರಿಂದ 20 ಡಿಗ್ರಿಯ ಆಸುಪಾಸಿನಲ್ಲಿ ಕಾಪಿಡುತ್ತಾರೆ. ಆ ಮಟ್ಟದಲ್ಲಿ ದುಂಬಿಯ ಬೆಳವಣಿಗೆ ನಿಂತೇಹೋಗುತ್ತದೆ ಅಥವಾ ತೀರ ಮಂದವಾಗುತ್ತದೆ.

ಕೀಟಗಳನ್ನು ಬಂಜೆಯಾಗಿಸಿ ನಿಗ್ರಹಿಸುವ ತಂತ್ರದ ಇತಿಹಾಸವನ್ನು ಬರೆದವರಲ್ಲಿ ಕೆಲವರು ರನ್ನರ್ ಅವರನ್ನು ಸ್ಮರಿಸಿದ್ದಾರೆ. ಆದರೆ ಒಂದು ವಾಕ್ಯದ ಸ್ಮರಣೆ ಮುಗಿಯುತ್ತಲೇ ಹಣ್ಣುನೊಣದಲ್ಲಿ ಕ್ಷ-ಕಿರಣದಿಂದ ವಂಶವಾಹಿಗಳ ವಿಕಾರವನ್ನು ತೋರಿಸಿಕೊಟ್ಟ ಹರ್ಮನ್ ಮುಲ್ಲರ್ ಅವರ 1927ರ ಪ್ರಬಂಧಕ್ಕೆ ಹಾರುತ್ತಾರೆ. ಮುಲ್ಲರ್ ಕಾರಣವನ್ನು ಬೆಳಗಿದರು. ಕಾರ್ಯವನ್ನು ಹನ್ನೊಂದು ವರ್ಷ ಮೊದಲೇ ಸಿಗಾರಿನ ಹುಳುವಿನಲ್ಲಿ ಕಂಡು ಬರೆದಿಟ್ಟವರು ರನ್ನರ್. ಹಾಗೆಂದು ಆ ತಂತ್ರವನ್ನು ರೂಪಿಸಿದ ಎಡ್ವರ್ಡ್ ನಿಪ್ಲಿಂಗ್ ಅವರಿಗೆ ಸಲ್ಲಬೇಕಾದುದನ್ನು ಕಿತ್ತು ರನ್ನರ್ ಅವರ ತಲೆಗೆ ಕಟ್ಟುವುದು ನನ್ನ ಉದ್ದೇಶವಲ್ಲ. ಹಾಗೆ ಮಾಡುವ ಅಭಿಮಾನಿಗಳೊಡನೆಯೂ ನನಗೆ ಒಮ್ಮತವಿಲ್ಲ. 1954ರಲ್ಲಿ ಕುರಸಾವ್ ದ್ವೀಪದ ಮೇಲೆ ಬಂಜೆಯಾದ ಸ್ಕ್ರೂವರ್ಮ್ ನೊಣಗಳನ್ನು ಬಿಟ್ಟಾಗ, ಅವು ಹಾರಿಹೋಗಿ ಕಾಡಿನ ಹೆಣ್ಣುನೊಣಗಳನ್ನು ಕೂಡಿ ಅವುಗಳ ಸಂತತಿಯನ್ನೂ ಕಡಿಯಬೇಕೆಂಬುದು ಉದ್ದೇಶವಾಗಿತ್ತು. ರನ್ನರ್ ಅವರ ದುಂಬಿ ಎಲ್ಲಿಗೂ ಹಾರಬೇಕಾಗಿರಲಿಲ್ಲ. ಅದು ತಾನಿದ್ದ ಪೆಟ್ಟಿಗೆಯಲ್ಲಿಯೇ ನಿಸ್ಸಂತಾನವಾಗಿ ಅಳಿದರೆ ಸಾಕಾಗಿತ್ತು.