ಸಮೀಕರಣಕ್ಕೆ ಮೊಳೆ ಜೋಡಿಸಿದ ಕಥೆ

ಕನ್ನಡ ಪಾಠ ಹೇಳುವವನಿಗೆ ಸಮೀಕರಣಗಳ ಗೊಡವೆ ಏಕೆಂದು ಓದುಗರು ಕೇಳಿಯಾರು. ನಂಟು ಇದೆ. ಅಚ್ಚಿನ ಮೊಳೆ ಹುಟ್ಟಿದ್ದು ಅಕ್ಷರದ ಪಕ್ಕದಲ್ಲಿ ಅಕ್ಷರವನ್ನು ನಿಲ್ಲಿಸುವುದಕ್ಕೆ. ಒಂದರ ಕಾಲಡಿಯಲ್ಲೋ ಹೆಗಲ ಮೇಲೋ ಇನ್ನೊಂದು ಕುಳಿತರೆ ಅದಕ್ಕೆ ಸಂಕಟ. ನಮ್ಮ ಒತ್ತಕ್ಷರಗಳು ಮುದ್ರಣಾಲಯಗಳಿಗೆ ಕೊಟ್ಟ ಕಾಟವೂ ಅದೇ, ಗಣಿತ ಕೊಟ್ಟ ಕಾಟವೂ ಅದೇ.

ಹಿಂದಿನವರಿಗೆ ಈ ತಾಪತ್ರಯವಿರಲಿಲ್ಲ. ಹನ್ನೆರಡನೆಯ ಶತಮಾನದ ನಮ್ಮ ರಾಜಾದಿತ್ಯನು ‘ವ್ಯವಹಾರಗಣಿತ’ದಲ್ಲಿ ಲೆಕ್ಕವನ್ನು ಮಾತಿನಲ್ಲೇ ಹೇಳಿದ. ಯೂರೋಪಿನಲ್ಲೂ ಬಹುಕಾಲ ಹಾಗೆಯೇ ನಡೆಯಿತು. ೧೫೫೭ರಲ್ಲಿ ವೇಲ್ಸ್ ನಾಡಿನ ವೈದ್ಯ ರಾಬರ್ಟ್ ರೆಕಾರ್ಡ್, ‘ಇದಕ್ಕೆ ಸಮ’ ಎಂದು ಮತ್ತೆ ಮತ್ತೆ ಬರೆಯುವ ಬೇಸರ ಕಳೆಯಲು ಸಮಾನಾಂತರವಾದ ಎರಡು ಗೆರೆಗಳನ್ನೆಳೆದ. ೧೬೩೭ರಲ್ಲಿ ಡೇಕಾರ್ಟ್ ಘಾತವನ್ನು ಅಕ್ಷರದ ಹೆಗಲ ಮೇಲೆ ಚಿಕ್ಕ ಅಂಕಿಯಾಗಿ ಕೂರಿಸಿದ. ಓದುವವರಿಗೆ ಸುಖವಾಯಿತು, ಮೊಳೆ ಜೋಡಿಸುವವರಿಗೆ ಕಷ್ಟ ಶುರುವಾಯಿತು. ಘಾತಕ್ಕೊಂದು ಅಳತೆಯ ಮೊಳೆ, ಭಿನ್ನರಾಶಿಗೊಂದು ಗೆರೆ, ಸಂದುಗಳಲ್ಲಿ ತುಂಬಲು ಸೀಸದ ಚೂರುಗಳು. ಗಣಿತದ ಪುಟಕ್ಕೆ ಮುದ್ರಕರು ಹೆಚ್ಚು ಕೂಲಿ ಕೇಳುತ್ತಿದ್ದುದು ಅನ್ಯಾಯವೇನಲ್ಲ.

೧೯೭೭ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಕನೂತ್ ಅವರ ಕೈಗೆ ಒಂದು ಕರಡಚ್ಚು ಬಂತು. ಗಣಕಗಳ ವಿಷಯವಾಗಿ ಅವರು ಬರೆದ ಮಹಾಗ್ರಂಥದ ಎರಡನೆಯ ಸಂಪುಟ, ಹೊಸ ಆವೃತ್ತಿ. ೧೯೬೯ರ ಮೊದಲ ಮುದ್ರಣವು ಮಾನೊಟೈಪ್ ಯಂತ್ರದ ಸೀಸದ ಮೊಳೆಗಳಲ್ಲಿ ಕಣ್ಣಿಗೆ ಹಬ್ಬವಾಗಿತ್ತು. ಅಷ್ಟರಲ್ಲಿ ಸೀಸದ ಕಾಲ ಮುಗಿಯುತ್ತ ಬಂದಿತ್ತು. ಛಾಯಾಕ್ಷರಗಳ ಹೊಸ ಪುಟ ಅವರಿಗೆ ವಿಕಾರವಾಗಿ ಕಂಡಿತು. ಬೇರೆಯವರಾಗಿದ್ದರೆ ಪ್ರಕಾಶಕರಿಗೊಂದು ಖಾರದ ಕಾಗದ ಬರೆದು ಸುಮ್ಮನಾಗುತ್ತಿದ್ದರು. ಇವರು ಬೇರೆ ದಾರಿ ಹಿಡಿದರು. ಪುಟವೆಂದರೆ ಚುಕ್ಕಿಗಳ ಜಾಲ; ಮಸಿ ಬೇಕಾದಲ್ಲಿ ಒಂದು, ಬೇಡವಾದಲ್ಲಿ ಸೊನ್ನೆ. ಸೊನ್ನೆ-ಒಂದುಗಳನ್ನು ಆಡಿಸುವುದೇ ಅವರ ಕಸಬು! ಒಂದು ವರ್ಷದಲ್ಲಿ ಮುಗಿದೀತೆಂದುಕೊಂಡ ಕೆಲಸ ಸುಮಾರು ಹತ್ತು ವರ್ಷ ತಿಂದಿತು.

ಹೀಗೆ ಹುಟ್ಟಿದ್ದು ‘ಟೆಕ್’. ಕಲೆ, ಕೌಶಲ ಎರಡನ್ನೂ ಹೇಳುವ ಗ್ರೀಕ್ ಮಾತಿನಿಂದ ಬಂದ ಹೆಸರು. ಎಕ್ಸ್ ಅಕ್ಷರದ ಮುಂದೆ ಒಂದು ಟೋಪಿಗುರುತು, ಆಮೇಲೆ ಎರಡು ಎಂದು ಬರೆದರೆ ವರ್ಗಚಿಹ್ನೆ ತಾನಾಗಿ ಹೆಗಲೇರುತ್ತದೆ. ಗಣಿತಭಾಗದ ಎರಡು ತುದಿಗೂ ಡಾಲರ್ ಚಿಹ್ನೆ ಕಾವಲು. ಗಣಿತದ ಅಚ್ಚು ದುಬಾರಿಯೆಂಬ ಹಳೆಯ ಮಾತಿನ ಮೇಲೆ ಕನೂತರ ವಿನೋದ. ೧೯೮೦ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಇದರ ಮೇಲೆ ‘ಲೇಟೆಕ್’ ಕಟ್ಟಿ ಬಳಕೆಯನ್ನು ಸುಲಭಮಾಡಿದರು. ಇಂದು ಪರದೆಯ ಮೇಲೆ ಸೂತ್ರ ಬರೆಯುವ ವಿದ್ಯಾರ್ಥಿಯೂ ಹೆಚ್ಚಾಗಿ ಆ ಡಾಲರುಗಳನ್ನೇ ಒತ್ತುತ್ತಾನೆ. ಯಾರಿಗೂ ಕಾಸು ಕೊಡಬೇಕಾಗಿಲ್ಲ, ಕನೂತ್ ಅದನ್ನು ಲೋಕಕ್ಕೆ ಉಚಿತವಾಗಿ ಬಿಟ್ಟರು.

ಇತ್ತ ಅವರ ಮಹಾಗ್ರಂಥ ಕಾದು ಕುಳಿತಿತ್ತು. ಮೂರನೆಯ ಸಂಪುಟ ೧೯೭೩ರಲ್ಲಿ ಬಂದಿದ್ದರೆ ನಾಲ್ಕನೆಯದರ ಮೊದಲ ಭಾಗ ಗ್ರಂಥರೂಪ ತಾಳಿದ್ದು ೨೦೧೧ರಲ್ಲಿ. ಪಂಡಿತನೊಬ್ಬ ಮೊಳೆಗಾರನಾಗಿ ಕಾಲ ಕಳೆದನೆಂದು ಹಳಿಯಬಹುದು. ನನಗೆ ಹಾಗೆನ್ನಲು ಬಾಯಿ ಬಾರದು; ವಿಕಾರವಾದ ಅಚ್ಚಿನಲ್ಲಿ ಹಳಗನ್ನಡ ಕಾವ್ಯ ಓದಿ ಕಣ್ಣು ನೋಯಿಸಿಕೊಂಡವನು ನಾನು.

ಟೆಕ್ ತಿದ್ದುಪಡಿಯಾದಾಗಲೆಲ್ಲ ಅದರ ಆವೃತ್ತಿಸಂಖ್ಯೆಗೆ ‘ಪೈ’ ಬೆಲೆಯ ಒಂದೊಂದು ಅಂಕಿ ಸೇರುತ್ತದೆ. ೨೦೨೧ರಲ್ಲಿ ಅದು ೩.೧೪೧೫೯೨೬೫೩ ಆಯಿತು. ತಾವು ತೀರಿಕೊಂಡ ಬಳಿಕ ಸಂಖ್ಯೆಯನ್ನು ‘ಪೈ’ ಎಂದೇ ಬರೆಯಬೇಕು, ಆಗ ಉಳಿದ ತಪ್ಪುಗಳನ್ನು ಯಾರೂ ಮುಟ್ಟಕೂಡದು ಎಂದು ಕನೂತ್ ಬರೆದಿಟ್ಟಿದ್ದಾರೆ.