ಹಾಲಿಗೆ ಲೆಕ್ಕವಿದೆ, ಹಕ್ಕಿಗೂ ಇರಲಿ



ಬೆಳ್ಳಿ ಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ, "ಎಸ್.ಎಸ್.ಎಲ್.ಸಿ. ಮುಗಿಸಿ ಬೇಸಾಯಕ್ಕೆ ಇಳಿದವನು, ನಾನೇನು ಬರೀಲಿ ಸ್ವಾಮಿ" ಅಂದೆ. ಸಂಘದ ಸಾಧನೆಯನ್ನು ಅಧ್ಯಕ್ಷರು ಬರೆದೇ ಬರೀತಾರೆ. ನಾನು ಹಕ್ಕಿಗಳ ಲೆಕ್ಕ ಇಟ್ಟವರ ಚರಿತ್ರೆ ಬರೆಯುತ್ತೇನೆ. ಹಾಲಿನ ಸಂಘಕ್ಕೂ ಹಕ್ಕಿಗೂ ಏನು ಸಂಬಂಧ ಎಂದು ನಗದೆ ಕೊನೆವರೆಗೂ ಓದಬೇಕಾಗಿ ವಿನಂತಿ.

ಕೆಲವು ವರ್ಷಗಳ ಹಿಂದೆ ರಸ್ತೆ ಅಗಲ ಮಾಡುವುದಕ್ಕೆ ನಮ್ಮ ಕೆರೆ ಪಕ್ಕದ ಹಳೇ ಹುಣಸೆ ಮರಗಳನ್ನು ಕಡಿಯಲು ಬಂದದ್ದು ನಿಮಗೆ ನೆನಪಿರಬಹುದು. "ಇದರಲ್ಲಿ ವರ್ಷಾ ವರ್ಷ ಕೊಕ್ಕರೆ ಗೂಡು ಕಟ್ತವೆ, ಮರಿ ಹಾರೋ ತನಕ ಬಿಡಿ ಸಾರ್" ಎಂದು ನಾವು ನಾಲ್ಕೈದು ಜನ ಕೇಳಿಕೊಂಡೆವು. "ಎಷ್ಟು ಗೂಡು? ಯಾವಾಗಿನಿಂದ? ಎಲ್ಲಾದರೂ ಬರೆದಿಟ್ಟಿದ್ದೀರಾ?" ಅಂದರು. ನಾವು ಮುಖ ಮುಖ ನೋಡಿಕೊಂಡೆವು. ಮರ ಹೋದವು, ಹಕ್ಕಿಯೂ ಹೋದವು. ಆ ಮಾತು ಇವತ್ತಿಗೂ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಇದೆ.

ನಮ್ಮ ಸೀಮೆಯಲ್ಲಿ ಹಕ್ಕಿಗಳನ್ನು ಊರೂರು ತಿರುಗಿ ಬರೆದಿಟ್ಟವರಲ್ಲಿ ಡಾ. ಸಲೀಂ ಅಲಿಯವರ ಹೆಸರು ದೊಡ್ಡದು. 1939-40ರಲ್ಲಿ ಅವರು ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ಮಾಡಿದರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು ಮಹಾರಾಜರ ಸರ್ಕಾರಕ್ಕೆ ಹೇಳಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಒಬ್ಬರು ನೋಡಿ ಬರೆದದ್ದರಿಂದ ಒಂದು ಜಾಗ ಉಳಿಯಿತು.

ಇನ್ನು ನಮ್ಮದೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಹಿತ್ತಲಿನ ಹುಣಸೆ ಮರದಲ್ಲೇ ಮರಿ ಮಾಡುತ್ತವೆ. ಮರದ ಕೆಳಗೆ ಗುಂಡಿ ತೆಗೆದು, ಕೆರೆ ಗೋಡು ತುಂಬಿ, ಅದಕ್ಕೆ ಬೀಳುವ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುವುದು ಅಲ್ಲಿನ ರೈತರಿಗೆ ಹಿಂದಿನಿಂದ ಬಂದ ಪದ್ಧತಿ. ತಲೆಮಾರುಗಳಿಂದ ಊರಿಗೆಲ್ಲ ಗೊತ್ತಿದ್ದ ಈ ಸಂಗತಿ ಹೊರಗಿನವರಿಗೆ "ಪತ್ತೆ"ಯಾದದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ನೋಡಿ ಬರೆದ ಮೇಲೆ! ಹಣಸೆ ಕೀಳದೆ ಗೂಡು ಉಳಿಸಿದ ಮರದ ಯಜಮಾನರಿಗೆ ಸರ್ಕಾರದ ಪರಿಹಾರವೂ ಆಮೇಲೆಯೇ ಬಂತು. ಬರೆಯುವ ಮುಂಚೆಯೂ ಹಕ್ಕಿ ಇದ್ದವು, ಮರ ಕಾಯುವ ಜನವೂ ಇದ್ದರು. ಆದರೆ ಕಾಗದದಲ್ಲಿ ಇರಲಿಲ್ಲ.

1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ಪ್ರಕೃತಿಪ್ರಿಯರ ತಂಡ ಆ ಊರಿನಲ್ಲಿ ಕೆಲಸ ಶುರು ಮಾಡಿತು. ಊರಿನ ಯುವಕರು ಸೇರಿ "ಹೆಜ್ಜಾರ್ಲೆ ಬಳಗ" ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ಹಾಕಿ ಸಾಕಿ ಮತ್ತೆ ಹಾರಿಬಿಡುತ್ತಾರೆ, ಗೂಡು ಎಣಿಸುತ್ತಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು.

ಬೆಂಗಳೂರಿನಲ್ಲೂ 1970ರ ದಶಕದಿಂದಲೇ ಪಕ್ಷಿ ವೀಕ್ಷಕರ ಕೂಟವಿದೆ. ಬ್ಯಾಂಕಿನವರು, ಮೇಷ್ಟ್ರುಗಳು, ವಿದ್ಯಾರ್ಥಿಗಳು, ಹೀಗೆ ಯಾರು ಬೇಕಾದರೂ ಇಂಥ ಕೂಟ ಸೇರಬಹುದು. ಕೈಯಲ್ಲಿ ಒಂದು ದುರ್ಬೀನು, ಒಂದು ನೋಟ್ ಬುಕ್ಕು, ಅಷ್ಟೆ. 1987ರಿಂದ ಪ್ರತಿ ಜನವರಿಯಲ್ಲಿ ಕೆರೆಗಳ ನೀರುಹಕ್ಕಿ ಗಣತಿಯೂ ನಡೆದು ಬಂದಿದೆ. ಈಗಿನ ಹುಡುಗರು ಮೊಬೈಲಿನಲ್ಲೇ ಬರೆದು ಕಳಿಸುತ್ತಾರೆ. ಇಂಥ 30,000ಕ್ಕೂ ಹೆಚ್ಚು ಜನರ ಸುಮಾರು 3 ಕೋಟಿ ದಾಖಲೆಗಳನ್ನು ಕೂಡಿಸಿ, 942 ಜಾತಿಯ ಹಕ್ಕಿಗಳ ಬಗ್ಗೆ 2023ರಲ್ಲಿ ದೇಶದ ವರದಿ ಬಂತು. ನವಿಲು ಹೆಚ್ಚುತ್ತಿದೆ ಎಂದು ಅದರಲ್ಲಿದೆ. ನಮ್ಮ ಹೊಲ ನೋಡಿದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗುತ್ತಿದೆ ಎಂದೂ ಇದೆ. ತಂತಿ ಮೇಲೆ ಕೂತು ಹುಳ ಹಿಡಿಯುವ ಆ ಹಕ್ಕಿಯನ್ನು ನೀವು ಕೊನೆಯ ಸಲ ಕಂಡದ್ದು ಯಾವಾಗ? ನನಗಂತೂ ತಾರೀಖು ಗೊತ್ತಿಲ್ಲ, ಬರೆದಿಟ್ಟಿಲ್ಲವಲ್ಲ.

ಬಂಧುಗಳೇ, 25 ವರ್ಷಗಳಿಂದ ಬೆಳಿಗ್ಗೆ ಸಂಜೆ ನಮ್ಮ ಸಂಘದಲ್ಲಿ ಹಾಲು ಅಳೆದು, ಫ್ಯಾಟ್ ನೋಡಿ, ಪುಸ್ತಕಕ್ಕೆ ಬರೆಯುತ್ತಿದ್ದೇವೆ. ಅರ್ಧ ಲೀಟರ್ ತಪ್ಪಿದರೂ ಜಗಳಕ್ಕೆ ನಿಲ್ಲುತ್ತೇವೆ. ಆ ಪುಸ್ತಕ ಇರುವುದರಿಂದಲೇ ಬಡವ ಬಲ್ಲಿದ ಎನ್ನದೆ ಎಲ್ಲರ ಹಾಲಿಗೂ ನ್ಯಾಯ ಸಿಕ್ಕಿದೆ. ಅದೇ ಸಂಘದ ಮೇಜಿನ ಮೇಲೆ ಇನ್ನೊಂದು ಪುಸ್ತಕ ಇಡೋಣ ಎಂಬುದು ನನ್ನ ಕೋರಿಕೆ. ತಾರೀಖು, ಹೊತ್ತು, ಜಾಗ, ಹಕ್ಕಿ, ಎಷ್ಟು, ನೋಡಿದವರ ಹೆಸರು, ಇಷ್ಟೇ ಕಲಂ ಸಾಕು. ಹಕ್ಕಿಗೆ ನಮ್ಮ ಕಡೆ ಏನು ಹೆಸರಿದೆಯೋ ಅದನ್ನೇ ಬರೆಯಿರಿ. ಕಂಡಷ್ಟೇ ಬರೆಯಿರಿ, ನೀರು ಬೆರೆಸಬೇಡಿ. ಕೆರೆಗೆ ಹೋಗಿ ಏನೂ ಕಾಣದಿದ್ದರೆ ಅದನ್ನೂ ಬರೆಯಿರಿ, ಅದೂ ಲೆಕ್ಕವೇ. ಗೊತ್ತಾಗದಿದ್ದರೆ ಶಾಲೆ ಮಕ್ಕಳನ್ನು ಕೇಳಿ, ನಮಗಿಂತ ಅವರ ಕಣ್ಣು ಚುರುಕು.

ಹೋದ ಮರ ಬರುವುದಿಲ್ಲ. ಕೆರೆ ಕೋಡಿ ಹತ್ತಿರ ಇನ್ನೂ ಎರಡು ಹುಣಸೆ, ಒಂದು ಆಲ ಉಳಿದಿವೆ. ಮುಂದೆ ಯಾರಾದರೂ ಬಂದು "ಎಲ್ಲಿ ಬರೆದಿಟ್ಟಿದ್ದೀರಾ?" ಅಂದರೆ, ನಮ್ಮ ಮಕ್ಕಳು ಮುಖ ಮುಖ ನೋಡಿಕೊಳ್ಳದೆ ಆ ಪುಸ್ತಕ ತೆಗೆದು ತೋರಿಸುವಂತಾಗಲಿ. ಮೊದಲ ಪುಸ್ತಕದ ಖರ್ಚು ನನ್ನದು.

ಬರವಣಿಗೆಯಲ್ಲಿ ತಪ್ಪಿದ್ದರೆ ಹಿರಿಯರು ಮನ್ನಿಸಬೇಕು. ನಮ್ಮ ಸಂಘ ಚಿನ್ನದ ಹಬ್ಬವನ್ನೂ ಕಾಣಲಿ.